ಜಪಾನಿನ ಕತೆಗಳಲ್ಲಿ ಏನೂ ನಡೆಯುವುದೇ ಇಲ್ಲವೇ?

ಪ್ರಶ್ನೆ: ಜಪಾನಿನ ದಿನನಿತ್ಯದ ಬದುಕಿನ ಕಥಾಸಂಕಲನವೊಂದನ್ನು ಓದಿದೆ. ಬರಹ ಪ್ರಶಾಂತವಾಗಿದೆ, ಆದರೆ ಯಾವ ಕತೆಯಲ್ಲೂ ಏನೂ ನಡೆಯಲಿಲ್ಲ. ಇಂಥವನ್ನು ಓದುವುದು ಹೇಗೆ?

ಉತ್ತರ: ಹೇಳಿದ್ದನ್ನೇ ಹೇಳಿ ನನಗೇ ಬೇಸರ ಬಂದಿದೆ. ಆದರೂ ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ತಪ್ಪು ಓದುಗರಿಗಿಂತ ಹೆಚ್ಚಾಗಿ ಮುಖಪುಟದ್ದು. ಚೆರ್ರಿ ಹೂವು, ಚಹಾ ಬಟ್ಟಲು, ಝೆನ್ ಮೌನ ಎಂದು ಮುಖಪುಟ ಕಟ್ಟಿಕೊಡುವ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಪುಸ್ತಕ ತೆರೆದವರಿಗೆ ಒಳಗಿನ ಹಸಿವು, ನಾಚಿಕೆ, ಸಾವು ಯಾವುದೂ ಕಾಣುವುದಿಲ್ಲ.

ಜಪಾನಿನ ಲೇಖಕ ಶಿಗಾ ನಾವೊಯಾ 1920ರಲ್ಲಿ ಪ್ರಕಟಿಸಿದ ಕತೆಯೊಂದಿದೆ. ಟೋಕಿಯೋದ ಕಾಂದಾದಲ್ಲಿ ತಕ್ಕಡಿ ಮಾರುವ ಅಂಗಡಿಯ ಕೆಲಸದ ಹುಡುಗ ಸೆಂಕಿಚಿ, ಹಿರಿಯ ಗುಮಾಸ್ತರು ಸುಶಿಯ, ಅಂದರೆ ಮೀನಿನ ತುಂಡಿಟ್ಟ ಅನ್ನದ ಉಂಡೆಯ, ರುಚಿಯನ್ನು ಬಣ್ಣಿಸುವುದನ್ನು ಕೇಳಿ ಬಾಯಲ್ಲಿ ನೀರೂರಿಸಿಕೊಂಡವನು. ಒಂದು ದಿನ ಟ್ರಾಮಿನ ಕಾಸು ಉಳಿಸಿ, ನಾಲ್ಕು ಸೆನ್ (ಆಗಿನ ಜಪಾನಿನ ಪುಡಿಕಾಸು) ಹಿಡಿದುಕೊಂಡು ಸುಶಿಯ ಗಾಡಿಗೆ ಹೋಗಿ, ಟ್ಯೂನಾ ಮೀನಿನ ಒಂದು ತುಂಡಿಗೆ ಕೈಹಾಕುತ್ತಾನೆ. ಒಂದಕ್ಕೆ ಆರು ಸೆನ್ ಎನ್ನುತ್ತಾನೆ ಗಾಡಿಯವನು. ಹುಡುಗ ಎತ್ತಿಕೊಂಡದ್ದನ್ನು ಹಾಗೆಯೇ ಹಿಂದಿಟ್ಟು ಹೊರಟುಬಿಡುತ್ತಾನೆ.

ಕಡಿಮೆ ಬಿದ್ದದ್ದು ಎರಡು ಸೆನ್, ಅಂದರೆ ಒಂದು ಯೆನ್ನಿನ ಐವತ್ತನೆಯ ಒಂದು ಪಾಲು. ಇದನ್ನು ಕಂಡಿದ್ದ ಶ್ರೀಮಂತನೊಬ್ಬ ಮುಂದೆ ಅದೇ ಅಂಗಡಿಗೆ ತಕ್ಕಡಿ ಕೊಳ್ಳಲು ಬಂದಾಗ ಹುಡುಗನನ್ನು ಗುರುತು ಹಿಡಿದು, ಹೊಟ್ಟೆತುಂಬ ಸುಶಿ ಕೊಡಿಸಿ ಮರೆಯಾಗುತ್ತಾನೆ. ಉಪಕಾರ ಮಾಡಿದವನಿಗೆ ಸಂತೋಷವಾಗಬೇಕಲ್ಲವೇ? ಆಗುವುದಿಲ್ಲ; ಕದ್ದುಮುಚ್ಚಿ ಕೆಟ್ಟದ್ದೇನೋ ಮಾಡಿ ಬಂದವನಂತೆ ಅವನ ಮನಸ್ಸು ಮುದುಡಿಕೊಳ್ಳುತ್ತದೆ. ಕೊನೆಗೆ ಲೇಖಕನೇ ಕತೆಯೊಳಗೆ ಬಂದು, ಆ ಶ್ರೀಮಂತ ಬರೆದುಕೊಟ್ಟಿದ್ದ ಸುಳ್ಳು ವಿಳಾಸವನ್ನು ಹುಡುಕಿಕೊಂಡು ಹೋದ ಹುಡುಗನಿಗೆ ಮನೆಯ ಬದಲು ಇನಾರಿ ದೇವರ ಪುಟ್ಟ ಗುಡಿ ಎದುರಾಯಿತೆಂದು ಮುಗಿಸಬೇಕೆಂದಿದ್ದೆ, ಆದರೆ ಅದು ಹುಡುಗನ ಪಾಲಿಗೆ ಕ್ರೂರವಾದೀತೆಂದು ಕೈಬಿಟ್ಟೆ ಎನ್ನುತ್ತಾನೆ. ಇದನ್ನು ಏನೂ ನಡೆಯದ ಕತೆ ಎನ್ನುವವರು ದಯವಿಟ್ಟು ಇನ್ನೊಮ್ಮೆ ಓದಬೇಕು.

ಪ್ರಶಾಂತತೆಯ ಮಾತಿಗೂ ಉತ್ತರ ಶಿಗಾನಲ್ಲೇ ಇದೆ. 1913ರಲ್ಲಿ ರೈಲು ಬಡಿದು ಗಾಯಗೊಂಡ ಆತ ಕಿನೊಸಾಕಿಯ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ಚೇತರಿಸಿಕೊಂಡ. ಆ ಅನುಭವ 1917ರಲ್ಲಿ ಕತೆಯಾಯಿತು. ಅಲ್ಲಿನ ಪ್ರಕೃತಿಯೆಂದರೆ ಸತ್ತು ಬಿದ್ದ ಜೇನುನೊಣ, ಕುತ್ತಿಗೆಗೆ ಕಡ್ಡಿ ಚುಚ್ಚಿಸಿಕೊಂಡು ನೀರಿನಲ್ಲಿ ಒದ್ದಾಡುವ ಇಲಿ, ಅದಕ್ಕೆ ಕಲ್ಲು ಹೊಡೆದು ನಗುವ ಜನ.

ಓದುವ ಬಗೆಯನ್ನು ಕೇಳಿದ್ದೀರಿ: ದಿನಕ್ಕೆ ಒಂದೇ ಕತೆ ಸಾಕು. 1968ರಲ್ಲಿ ನೊಬೆಲ್ ಪಡೆದ ಕಾವಾಬಾತಾ ಯಾಸುನಾರಿಯ ಅಂಗೈಯಷ್ಟೇ ಪುಟ್ಟದಾದ ನೂರಕ್ಕೂ ಹೆಚ್ಚು 'ಅಂಗೈ ಕತೆ'ಗಳನ್ನು ಸಾಲಾಗಿ ಓದಿದರೆ ಒಂದೂ ಉಳಿಯುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಬೇಕು. ಇವನ್ನು ಇಂಗ್ಲಿಷಿನಲ್ಲಿ ಓದುವವರಿಗೆ ಗುಮಾಸ್ತ ಹುಡುಗನೊಡನೆ ಆಡುವ ಮಾತಿಗೂ ಗಿರಾಕಿಯೊಡನೆ ಆಡುವ ಮಾತಿಗೂ ಇರುವ ಅಂತರ ಅಷ್ಟಾಗಿ ಕೇಳಿಸುವುದಿಲ್ಲ. ಕನ್ನಡಕ್ಕೆ ನೀನು, ನೀವು, ತಾವು ಇವೆ. ಜಪಾನಿಯಂತೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಕರ್ತೃಪದವನ್ನು ಬಿಟ್ಟರೂ ಮಾತು ನಿಲ್ಲುತ್ತದೆ. ತೊಡಕು ಬರುವುದು ಬೇರೆಡೆ. ಬಂದವರು ಗಂಡೋ ಹೆಣ್ಣೋ ಎಂಬುದನ್ನು ಜಪಾನಿ ಕ್ರಿಯಾಪದ ಹೇಳುವುದಿಲ್ಲ, ಆದರೆ ಕನ್ನಡದ ಅನುವಾದಕ ಬಂದನು, ಬಂದಳು, ಬಂದರು ಇವುಗಳಲ್ಲಿ ಒಂದನ್ನು ಮೊದಲ ವಾಕ್ಯದಲ್ಲೇ ಆರಿಸಿಕೊಳ್ಳಬೇಕಾಗುತ್ತದೆ.