ಲಾವಂಚ: ಲ್ಯಾವೆಂಡರೂ ಅಲ್ಲ, ಗಸಗಸೆಯೂ ಅಲ್ಲ

‘ಲ್ಯಾವೆಂಡರ್ ಅಂದರೆ ನಮ್ಮ ಲಾವಂಚ’ ಎಂಬ ಮಾತು ಸೋಪಿನ ಜಾಹೀರಾತಿನಿಂದ ಹಿಡಿದು ಅನುವಾದಿತ ಆರೋಗ್ಯ ಲೇಖನಗಳವರೆಗೆ ರಾಜಾರೋಷವಾಗಿ ಓಡಾಡುತ್ತಿದೆ. ಎರಡಕ್ಕೂ ಇರುವ ನಂಟು ಮೊದಲೆರಡು ಅಕ್ಷರದ ಸದ್ದಿನಷ್ಟೇ. ಲ್ಯಾವೆಂಡರ್ ಮೆಡಿಟರೇನಿಯನ್ ಸೀಮೆಯ ಗಿಡ, ತುಳಸಿ-ಪುದೀನದ ಕುಟುಂಬ, ಪರಿಮಳ ಹೂವಿನದು. ಲಾವಂಚ ಹುಲ್ಲು, ಕಬ್ಬು-ಜೋಳದ ಬಳಗ, ಪರಿಮಳವೆಲ್ಲ ಬೇರಿನದು. ಎಲೆಯನ್ನು ಎಷ್ಟು ಉಜ್ಜಿದರೂ ಬರೀ ಹಸಿ ಹುಲ್ಲಿನ ವಾಸನೆ. ನಿಂಬೆಯ ಘಮ ಬಂತೋ, ಅದು ಮಜ್ಜಿಗೆಹುಲ್ಲು (ಲೆಮನ್‌ಗ್ರಾಸ್). ನಿಮಗೆ ಮಾರಿದವರು ಏನೆಂದು ಹೇಳಿದ್ದರೂ ಸರಿ.

ಲಾವಂಚ, ಲಾಮಂಚ ಎರಡೂ ಸಂಸ್ಕೃತದ ‘ಲಾಮಜ್ಜಕ’ದ ತದ್ಭವ. ಮಲಯಾಳದ ‘ರಾಮಚ್ಚಂ’ ಇದರ ಒಡಹುಟ್ಟು. ತಮಾಷೆಯೆಂದರೆ ಆಯುರ್ವೇದದಲ್ಲಿ ನಮ್ಮ ಲಾವಂಚಕ್ಕೆ ‘ಉಶೀರ’ ಎಂದು ಹೆಸರು. ಲಾಮಜ್ಜಕ ಬೇರೆಯದೇ ದ್ರವ್ಯ, ಅದನ್ನು ಈಗ ಸಾಮಾನ್ಯವಾಗಿ ಮಜ್ಜಿಗೆಹುಲ್ಲಿನ ಹತ್ತಿರದ ಇನ್ನೊಂದು ಹುಲ್ಲೆಂದು ಗುರುತಿಸುತ್ತಾರೆ. ಹಾಗಾಗಿ ಕಷಾಯದ ಪಟ್ಟಿಯಲ್ಲಿ ‘ಉಶೀರ’ ಎಂದಿದ್ದರೆ ಮಾತ್ರ ಕಣ್ಣುಮುಚ್ಚಿ ಲಾವಂಚ ಹಾಕಿ. ಕನ್ನಡದಲ್ಲಿ ‘ಮುಡಿವಾಳ’ ಎಂಬ ಚಂದದ ಹೆಸರೂ ಇದೆ. ಅದನ್ನು ಬಳಸಿದರೆ ಲ್ಯಾವೆಂಡರಿನ ಕಾಟವೇ ಇರದು.

ಇನ್ನು ‘ವೆಟಿವರ್ ಬೇರು’. ವೆಟಿವರ್ ಎಂದರೆ ಇಂಗ್ಲಿಷಿನಲ್ಲಿ ಲಾವಂಚವೇ. ತಮಿಳಿನ ‘ವೆಟ್ಟಿವೇರ್’, ಅಂದರೆ ಅಗೆದು ತೆಗೆದ ಬೇರು, ಫ್ರೆಂಚಿಗೆ ಹೋಗಿ, ಇಂಗ್ಲಿಷಿಗೆ ದಾಟಿ, ವೆಟಿವರ್ ಆಗಿ ನಮ್ಮಲ್ಲಿಗೆ ಮರಳಿದೆ. ಕೊನೆಯ ‘ವೇರ್’ ನಮ್ಮ ‘ಬೇರು’ವೇ. ಮತ್ತೆ ಬೇರು ಸೇರಿಸುವುದು ಗೇಟುಬಾಗಿಲು ಎಂದಂತೆ. ಹಿಂದಿಯ ‘ಖಸ್’ ಕೂಡ ಇದೇ. ಆದರೆ ‘ಖಸ್‌ಖಸ್’ ಎಂದರೆ ಅಲ್ಲಿ ಗಸಗಸೆ. ಗಸಗಸೆ ಪಾಯಸಕ್ಕೂ ಖಸ್ ಶರಬತ್ತಿಗೂ ಹಾಕುವುದು ಒಂದೇ ಎಂದು ಬರೆಯುವವರು ಗಮನಿಸಲಿ. ಶರಬತ್ತಿನ ಆ ಕಡುಹಸಿರೂ ಬೆರೆಸಿದ ಬಣ್ಣ, ಬೇರಿನದಲ್ಲ.

‘ಬದುವಿಗೆ ಹಾಕಿ, ಮಣ್ಣೂ ಉಳಿಯುತ್ತೆ, ಎಣ್ಣೆಯೂ ಸಿಗುತ್ತೆ’ ಎಂಬುದು ಇನ್ನೊಂದು ಸುಳ್ಳು. ಎಣ್ಣೆ ಇರುವುದು ಬೇರಿನಲ್ಲಿ, ಬೇರು ಬೇಕೆಂದರೆ ಬುಡಸಮೇತ ಅಗೆಯಬೇಕು. ಅಗೆದ ಬದು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಎರಡೂ ಬೇಕಾದವರು ಬೇರೆಬೇರೆ ಜಾಗದಲ್ಲಿ ನೆಡಲಿ. ಬದುವಿಗಾದರೆ ಇಳಿಜಾರಿಗೆ ಅಡ್ಡಲಾಗಿ 10–15 ಸೆಂ.ಮೀ.ಗೊಂದು ಬುಡ, ಒಂದೇ ಸಾಲು. ನಡುವೆ ಒಂದು ಬುಡ ಸತ್ತರೂ ನೀರೆಲ್ಲ ಅಲ್ಲಿಗೇ ನುಗ್ಗಿ ಕೊರಕಲು ಮಾಡುತ್ತದೆ, ಮೊದಲ ಮಳೆಗಾಲದಲ್ಲೇ ತೆರಪು ತುಂಬಿ. ವರ್ಷಕ್ಕೆರಡು ಸಲ ಮೊಣಕಾಲೆತ್ತರಕ್ಕೆ ಕೊಯ್ದರೆ ತೆಂಡೆ (ಬುಡದಿಂದ ಏಳುವ ಮರಿ) ಒತ್ತಾಗಿ ಒಡೆಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಇದನ್ನು ಹಿಂದಿನಿಂದಲೂ ಹಾಕುತ್ತಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಅದನ್ನು ಹೊರಜಗತ್ತಿಗೆ ಹೇಳಿದರು. ದಕ್ಷಿಣದ ತಳಿ ಮೊಳೆಯುವ ಬೀಜ ಕಟ್ಟುವುದಿಲ್ಲವೆನ್ನಬಹುದು, ಹಾಗಾಗಿ ಕಳೆಯಾಗದು. ಉತ್ತರ ಭಾರತದ ಕಾಡುತಳಿ ಬೀಜ ಉದುರಿಸಿ ಹಬ್ಬುತ್ತದೆ, ಬದುವಿಗೆ ಬೇಡ.

ಎಣ್ಣೆಗಾದರೆ ಮರಳುಮಿಶ್ರಿತ ಸಡಿಲ ಮಣ್ಣು. ಜೇಡಿಯಲ್ಲಿ ಸಣ್ಣ ಬೇರುಗಳು ತುಂಡಾಗಿ ನೆಲದಲ್ಲೇ ಉಳಿಯುತ್ತವೆ. ಎರಡು-ಮೂರು ತೆಂಡೆಯ ಬುಡ ತೆಗೆದು, ಎಲೆಯನ್ನು 15–20 ಸೆಂ.ಮೀ.ಗೆ ಕತ್ತರಿಸಿ, ಮುಂಗಾರಿನಲ್ಲಿ 60×30 ಸೆಂ.ಮೀ. ಅಂತರಕ್ಕೆ ನೆಡಿ. 15–18 ತಿಂಗಳ ನಂತರ, ನೆಲ ಒಣಗಿದ ಕಾಲದಲ್ಲಿ ಅಗೆಯಬೇಕು. ಬೇಗ ಕಿತ್ತರೆ ಎಣ್ಣೆ ತೆಳು. ಬಹಳ ತಡವಾದರೆ ಬೇರು ಕಟ್ಟಿಗೆಯಾಗಿ ಎಣ್ಣೆ ಕಡಿಮೆಯಾಗುತ್ತದೆ. ತೊಳೆದ ಬೇರನ್ನು ನೆರಳಲ್ಲೇ ಒಣಗಿಸಿ. ಎಣ್ಣೆ ತೆಗೆಯುವ ಭಟ್ಟಿಗೆ 18–24 ಗಂಟೆ ಬೇಕು. ಸೌದೆ ಉಳಿಸಲು ಅರ್ಧಕ್ಕೇ ಇಳಿಸಿದರೆ ಭಾರದ ಎಣ್ಣೆ ಬೇರಲ್ಲೇ ಉಳಿಯುತ್ತದೆ. ಪರಿಮಳ ಬಹುಕಾಲ ನಿಲ್ಲುವಂತೆ ಮಾಡುವುದು ಆ ಭಾಗವೇ.