ಪದ ಪರಿಚಯ: ರೇಸ್ ಕಂಡೀಷನ್

ದಾವಣಗೆರೆಯ ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ: 'ರೇಸ್ ಕಂಡೀಷನ್ ಬಂದಿತ್ತು, ಸ್ಲೀಪ್ ಹಾಕಿ ಸರಿ ಮಾಡಿದೆವು.' ಮೊನ್ನೆ ಮತ್ತೆ ಓದಿದೆ. ಸ್ಲೀಪ್ ಅಂದರೆ ಪ್ರೋಗ್ರಾಂ ಅನ್ನು ಸ್ವಲ್ಪ ಹೊತ್ತು ಸುಮ್ಮನೆ ಕಾಯಿಸುವ ಆದೇಶ. ಅದನ್ನು ಹಾಕಿದರೆ ರೇಸ್ ಕಂಡೀಷನ್ ಸರಿಹೋಗುವುದಿಲ್ಲ, ಅಡಗಿಕೊಳ್ಳುತ್ತದೆ.

'ರೇಸ್' ಅಂದ ಕೂಡಲೇ ಯಾವುದೋ ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸಗಳಲ್ಲಿ ಒಂದು) ಜಾಸ್ತಿ ಸ್ಪೀಡಾಗಿ ಓಡುತ್ತಿದೆ, ಸ್ವಲ್ಪ ತಡೆದರೆ ಆಯ್ತು ಅಂದುಕೊಳ್ಳುತ್ತಾರೆ. ಆದರೆ ಈ ಪದ ನಮ್ಮ ಮಲ್ಟಿಕೋರ್ (ಒಂದೇ ಚಿಪ್‌ನಲ್ಲಿ ಹಲವು ಪ್ರೊಸೆಸರ್ ಕೋರ್ ಇರುವ) ಮಷೀನುಗಳಿಗಿಂತ ಎಷ್ಟೋ ಹಳೆಯದು. 1954ರ ಹೊತ್ತಿಗೇ ಅಮೆರಿಕದ ಇಂಜಿನಿಯರ್ ಡೇವಿಡ್ ಹಫ್‌ಮನ್ ಅವರ ಸ್ವಿಚಿಂಗ್ ಸರ್ಕ್ಯೂಟ್ ಬರಹಗಳಲ್ಲಿ ಇದು ಬಳಕೆಯಲ್ಲಿತ್ತು. ಎರಡು ಸಿಗ್ನಲ್ ಒಟ್ಟಿಗೆ ಬದಲಾಗುತ್ತವೆ. ಯಾವುದು ಮೊದಲು ಮುಟ್ಟಿತು ಅನ್ನುವುದರ ಮೇಲೆ ಫಲಿತಾಂಶ ನಿಂತಿದ್ದರೆ ಅದು ರೇಸ್. ಇಬ್ಬರೂ ನಿಧಾನವಾಗಿ ನಡೆದರೂ ರೇಸ್ ರೇಸೇ. ಯಾರು ಮೊದಲು ಅಂತ ಯಾರೂ ಗೊತ್ತು ಮಾಡಿಲ್ಲ, ತೊಂದರೆ ಇರುವುದು ಅಲ್ಲಿ.

ಇದನ್ನು 'ಡೇಟಾ ರೇಸ್' ಜೊತೆ ಕಲಸಬೇಡಿ, ದಯವಿಟ್ಟು. ಒಂದೇ ಮೆಮೊರಿ ಜಾಗಕ್ಕೆ ಎರಡು ಥ್ರೆಡ್ ಸಿಂಕ್ರೊನೈಸ್ ಆಗದೆ, ಅಂದರೆ ಸರದಿ ಗೊತ್ತು ಮಾಡಿಕೊಳ್ಳದೆ, ಕೈ ಹಾಕಿ, ಒಂದಾದರೂ ಬರೆಯುತ್ತಿದ್ದರೆ ಅದು ಡೇಟಾ ರೇಸ್. ಥ್ರೆಡ್‌ಸ್ಯಾನಿಟೈಸರ್ ಅನ್ನುವ ತಪ್ಪು ಹುಡುಕುವ ಟೂಲ್ ಹಿಡಿದು ಕೊಡುವುದು ಇದನ್ನು. ಡೇಟಾ ರೇಸ್ ಒಂದೂ ಇಲ್ಲದೆ ರೇಸ್ ಕಂಡೀಷನ್ ಇರಬಹುದು.

ದಾವಣಗೆರೆ–ಬೆಂಗಳೂರು ರಾತ್ರಿ ಬಸ್ಸಿನ ಸೀಟು ಬುಕ್ ಮಾಡುವ ಪ್ರೋಗ್ರಾಂ ಬರೆಯುತ್ತೀರಿ ಅನ್ನಿ. ಲಾಕ್ ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ, ಉಳಿದವು ಕಾಯಬೇಕು. ಆ ಲಾಕ್ ಹಿಡಿದು 12ನೇ ಸೀಟು ಖಾಲಿ ಇದೆಯಾ ನೋಡುತ್ತೀರಿ, ಲಾಕ್ ಬಿಡುತ್ತೀರಿ. ಮತ್ತೆ ಲಾಕ್ ಹಿಡಿದು ಹೆಸರು ಬರೆಯುತ್ತೀರಿ. ಪ್ರತಿ ಸಲವೂ ಲಾಕ್ ಇದೆ, ಟೂಲ್ ತುಟಿ ಬಿಚ್ಚುವುದಿಲ್ಲ. ಆದರೆ ನಡುವಿನ ಸಂದಿಯಲ್ಲಿ ಇನ್ನೊಂದು ಕೋರ್ ಮೇಲಿನ ಥ್ರೆಡ್ ಕೂಡ 'ಖಾಲಿ ಇದೆ' ಅಂತ ನೋಡಿಕೊಂಡು ಹೋಗಿರುತ್ತದೆ. ಒಂದೇ ಸೀಟಿಗೆ ಇಬ್ಬರು.

ಪ್ರಿಂಟ್ ಹಾಕಿ ಹುಡುಕಲು ಹೋದರೆ ಬಗ್ ಮಾಯ. ಅದರಲ್ಲಿ ಮಾಯಮಂತ್ರ ಏನಿಲ್ಲ. ಸಿ ಭಾಷೆಯಲ್ಲಿ ಪ್ರಿಂಟ್ ಮಾಡುವ ಪ್ರಿಂಟ್‌ಎಫ್ ಒಳಗೇ ಒಂದು ಲಾಕ್ ಇರುತ್ತದೆ, ಥ್ರೆಡ್‌ಗಳು ಅಲ್ಲಿ ಒಂದರ ಹಿಂದೊಂದು ಕಾಯುತ್ತವೆ, ಟೈಮಿಂಗ್ ಬದಲಾಗುತ್ತದೆ. ಲ್ಯಾಬಿನ ಹಳೇ ಮಷೀನಿನಲ್ಲಿ ಸುಮ್ನಿದ್ದ ಕೋಡ್ ಜಾಸ್ತಿ ಕೋರ್ ಇರುವ ಸರ್ವರ್‌ನಲ್ಲಿ ಕೆಡುವುದೂ ಟೈಮಿಂಗ್‌ನಿಂದಲೇ.

ಸ್ಲೀಪ್‌ಗೆ ಒಂದು ಒಳ್ಳೆಯ ಉಪಯೋಗ ಇದೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಕರೆಂಟ್ ಹೋದಾಗ, ಒಂದು ಕಂಟ್ರೋಲ್ ರೂಮಿನ ಅಲಾರಾಂ ಸಾಫ್ಟ್‌ವೇರ್ ಅದಕ್ಕೂ ಮೊದಲೇ ರೇಸ್ ಕಂಡೀಷನ್‌ನಿಂದ ನಿಂತುಹೋಗಿತ್ತು. ಇಂಜಿನಿಯರ್‌ಗಳು ವಾರಗಟ್ಟಲೆ ಹುಡುಕಿದರು. ಕೊನೆಗೆ ಸಿಕ್ಕಿದ್ದು ಕೋಡಿನಲ್ಲಿ ಬೇಕೆಂತಲೇ ವಿಳಂಬ ತುಂಬಿಸಿ ಓಡಿಸಿದಾಗ. ನೀವೂ ಅದನ್ನೇ ಮಾಡಿ. ಸೀಟು ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಸ್ಲೀಪ್ ಹಾಕಿ. 12ನೇ ಸೀಟಿಗೆ ಎರಡು ಟಿಕೆಟ್ ಬಂದರೆ ಬಗ್ ಸಿಕ್ಕಿತು. ಆಮೇಲೆ ಎರಡೂ ಕೆಲಸವನ್ನು ಒಂದೇ ಲಾಕ್ ಒಳಗೆ ತನ್ನಿ. ಆ ಸ್ಲೀಪ್ ಇದ್ದಾಗಲೂ ಒಂದೇ ಟಿಕೆಟ್ ಬರಬೇಕು. ಬಂದ ಮೇಲೆ ಸ್ಲೀಪ್ ತೆಗೆಯಿರಿ.