ಕೊಂಡ ಓಟು ಬಿತ್ತೋ ಇಲ್ವೋ, ಗೊತ್ತಾಗೋದು ಹೇಗೆ?

ಓಟಿಗೆ ದುಡ್ಡು ಕೊಡುವವನಿಗೆ ಒಂದೇ ಚಿಂತೆ. ತಗೊಂಡವನು ನಮಗೇ ಹಾಕಿದನಾ? 19ನೇ ಶತಮಾನದ ಅಮೆರಿಕದಲ್ಲಿ ಆ ಚಿಂತೆ ಜಾಸ್ತಿ ಇರಲಿಲ್ಲ. ಮತಪತ್ರ ಅಚ್ಚು ಹಾಕಿಸುತ್ತಿದ್ದದ್ದು ಸರ್ಕಾರವಲ್ಲ, ಪಕ್ಷಗಳು. ತಮ್ಮವರ ಹೆಸರಷ್ಟೇ ಇರುವ ಚೀಟಿ, ಎಷ್ಟೋ ಸಲ ದೂರದಿಂದಲೇ ಗುರುತು ಸಿಗುವ ಬಣ್ಣದ್ದು, ಮತಗಟ್ಟೆಯ ಹತ್ತಿರವೇ ಕೈಗಿಟ್ಟು, ಅದು ಪೆಟ್ಟಿಗೆಗೆ ಬೀಳುವ ತನಕ ಪಕ್ಷದವರು ಕಣ್ಣಿಟ್ಟು ನೋಡುತ್ತಿದ್ದರು.

ಜನ ಮೊದಲು ಅನುಮಾನಪಟ್ಟದ್ದು ಪೆಟ್ಟಿಗೆಯ ಮೇಲೆ. 1856ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಳ್ಳತಳವಿರುವ ಮತಪೆಟ್ಟಿಗೆ ಸಿಕ್ಕಿತ್ತು. ಮೊದಲೇ ಒಳಗೆ ಚೀಟಿ ತುಂಬಿಟ್ಟಿರಬಹುದಲ್ವಾ? ಅದಕ್ಕೇ ನ್ಯೂಯಾರ್ಕ್‌ನಲ್ಲಿ ಗಾಜಿನ ಮತಪೆಟ್ಟಿಗೆ ಬಂತು. ಒಳಗಿರುವುದೆಲ್ಲ ಕಾಣುತ್ತಿತ್ತು, ಆದರೆ ಬಣ್ಣದ ಚೀಟಿಯೂ ಕಾಣುತ್ತಿತ್ತು!

1888ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಖಜಾಂಚಿ ವಿಲಿಯಂ ಡಡ್ಲಿ ಹೆಸರಲ್ಲಿದ್ದ ಒಂದು ಪತ್ರ ಬಯಲಾಯಿತು. ಇಂಡಿಯಾನಾದಲ್ಲಿ ಯಾವ ಪಕ್ಷಕ್ಕೂ ಅಂಟಿಕೊಳ್ಳದ ಮತದಾರರನ್ನು ಐದೈದು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೂ ದುಡ್ಡಿನ ಸಮೇತ ಒಬ್ಬ ನಂಬಿಕಸ್ಥನನ್ನು ಬಿಡಿ, ಒಬ್ಬನೂ ತಪ್ಪಿಸಿಕೊಳ್ಳಬಾರದು ಎಂದು ಅದರಲ್ಲಿತ್ತು. ಓದಿದರೆ ಈಗಲೂ ಸಿಟ್ಟು ಬರುತ್ತದೆ.

ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯ ಆಸ್ಟ್ರೇಲಿಯಾದ ಪದ್ಧತಿಯನ್ನು ಕಾನೂನು ಮಾಡಿಕೊಂಡಿತು. ಸರ್ಕಾರವೇ ಅಚ್ಚು ಹಾಕಿಸಿದ ಒಂದೇ ಥರದ ಮತಪತ್ರ, ಅದರಲ್ಲಿ ಎಲ್ಲರ ಹೆಸರೂ, ಗುರುತು ಹಾಕಲು ಮರೆಯ ಜಾಗ. ಕೊಂಡವನಿಗೆ ಇನ್ನು ಮೇಲೆ ಮಾಲು ಬಂತಾ ಅಂತ ನೋಡಲು ದಾರಿಯಿಲ್ಲ. ಕೆಲವೇ ವರ್ಷಗಳಲ್ಲಿ ಹೆಚ್ಚಿನ ರಾಜ್ಯಗಳು ಇದನ್ನೇ ಹಿಡಿದವು.

ಆದರೆ ಬಣ್ಣದ ಚೀಟಿಗೆ ಓದು ಬೇಕಿರಲಿಲ್ಲ, ಈ ಹೊಸ ಹಾಳೆಗೆ ಬೇಕಿತ್ತು. ದಕ್ಷಿಣದ ರಾಜ್ಯಗಳು ಅದನ್ನೇ ಆಯುಧ ಮಾಡಿಕೊಂಡವು. ಗುಲಾಮಗಿರಿಯಲ್ಲಿ ಅಕ್ಷರ ಕಲಿಯಲು ಬಿಡದೇ ಇದ್ದ ಕಪ್ಪು ಜನರನ್ನು, ಈಗ ಓದಲು ಬರಲ್ಲ ಅನ್ನುವ ನೆಪದಲ್ಲಿ ಹೊರಗಿಟ್ಟರು. ದಕ್ಷಿಣ ಕೆರೊಲಿನಾ ಅಂತೂ 1882ರಲ್ಲೇ ಎಂಟು ಬೇರೆ ಬೇರೆ ಪೆಟ್ಟಿಗೆ ಇಟ್ಟು, ಮೇಲಿನ ಬರಹ ಓದಿ ಹುದ್ದೆಗೆ ತಕ್ಕ ಪೆಟ್ಟಿಗೆಗೆ ಹಾಕದ ಚೀಟಿ ಲೆಕ್ಕಕ್ಕಿಲ್ಲ ಅಂದಿತ್ತು. ಮತದಾರನಿಗೆ ಓದು ಬರುತ್ತದಾ ಎಂದು ನೋಡುವ ಇಂಥ ಅಕ್ಷರ ಪರೀಕ್ಷೆಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ. ಇದನ್ನು ಬಿಟ್ಟು ಗುಪ್ತ ಮತದಾನದ ಗೆಲುವನ್ನಷ್ಟೇ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಈಗ ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ. ಗುರುತು ಹಾಕಿದ ಮತಪತ್ರದ ಫೋಟೋ ಹಂಚಬಾರದು ಎಂದು ನ್ಯೂ ಹ್ಯಾಂಪ್‌ಶೈರ್ ಮಾಡಿದ ಕಾನೂನನ್ನು 2016ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ತಳ್ಳಿಹಾಕಿತು. ಹೆಮ್ಮೆಯಿಂದ ಫೋಟೋ ಹಾಕುವವರ ಮೇಲೆ ನನಗೆ ತಕರಾರಿಲ್ಲ. ಆದರೆ ಡಡ್ಲಿ ಕಾಲದಲ್ಲಿ ಐದೈದು ಜನರ ಬೆನ್ನಿಗೆ ಒಬ್ಬೊಬ್ಬನನ್ನು ನಿಲ್ಲಿಸಬೇಕಿತ್ತು, ಈಗ ಒಂದು ಫೋಟೋ ಸಾಕು.